ಐದು ಕುದುರೆ, ನಾಲ್ಕೂವರೆ ಎಕರೆ: ಮೊದಲ ಟ್ರ್ಯಾಕ್ಟರ್ ಯಾವುದು ತಗೊಳ್ಳಲಿ?

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರ ತಾಲ್ಲೂಕು, ನಂದಿ ಬೆಟ್ಟದ ಬುಡದ ಊರು. ಒಟ್ಟು ನಾಲ್ಕೂವರೆ ಎಕರೆ. ಒಂದೂವರೆ ಎಕರೆಯಲ್ಲಿ ಸೀಮೆ ಹುಲ್ಲು ಮತ್ತು ಕುದುರೆ ಮಸಾಲೆ ಸೊಪ್ಪು, ಒಂದು ಎಕರೆ ರಾಗಿ, ಮಿಕ್ಕಿದ್ದು ಲಾಯ ಮತ್ತು ಕುದುರೆ ಬಿಡುವ ಬಯಲು. ರೇಸ್ ನಿಲ್ಲಿಸಿದ ಎರಡು ಕುದುರೆ, ಮಾರ್ವಾಡಿ ತಳಿಯವು ಎರಡು, ಒಂದು ಪೋನಿ ಇವೆ. ಶನಿವಾರ, ಭಾನುವಾರ ಮಕ್ಕಳಿಗೆ ಸವಾರಿ ಹೇಳಿಕೊಡುತ್ತೇವೆ. ಲದ್ದಿಯನ್ನು ಇಲ್ಲಿವರೆಗೂ ತಳ್ಳುಗಾಡಿಯಲ್ಲೇ ಸಾಗಿಸಿದ್ದು. ತಿಪ್ಪೆ ದಿಣ್ಣೆಯ ಮೇಲಿದೆ. ಕೆಲಸದವರು ಇನ್ನು ಆಗಲ್ಲ ಅಂತಿದ್ದಾರೆ. ಕೈಯಲ್ಲಿ ಆರು ಲಕ್ಷ ಇದೆ. ದ್ರಾಕ್ಷಿ ಬೆಳೆಯುವ ನಮ್ಮ ಮಾವನವರು 15 ಎಚ್‌ಪಿ ಸಾಕು ಅಂತಾರೆ. ಯಜಮಾನರ ಸ್ನೇಹಿತರು ಅದೇ ದುಡ್ಡಿಗೆ 45 ಎಚ್‌ಪಿ ಸೆಕೆಂಡ್ ಹ್ಯಾಂಡ್ ಬರುತ್ತೆ ಅಂತಾರೆ. ಡೀಲರ್ ಟ್ರ್ಯಾಕ್ಟರ್ ಮುಂದೆ ಲೋಡರ್ (ಭಾರ ಎತ್ತುವ ಬಕೆಟ್) ಹಾಕಿಸಿ ಅಂತಾರೆ. ಟ್ರ್ಯಾಕ್ಟರ್ ಸದ್ದಿಗೆ ಕುದುರೆಗಳು ಬೆದರುತ್ತವೆ ಅನ್ನೋ ಭಯ ಬೇರೆ. ನಮಗಿಬ್ಬರಿಗೂ ಟ್ರ್ಯಾಕ್ಟರ್ ಓಡಿಸಿ ಗೊತ್ತಿಲ್ಲ. ಏನು ಮಾಡೋದು?

ಉತ್ತರ: ಮೂವರೂ ನಿಮಗೆ ಸುಳ್ಳು ಹೇಳಿಲ್ಲ. ಒಬ್ಬೊಬ್ಬರು ತಮ್ಮ ತಮ್ಮ ಕೆಲಸದ ಟ್ರ್ಯಾಕ್ಟರ್ ಹೇಳಿದ್ದಾರೆ, ಅಷ್ಟೆ. ಮಾವನವರ ಕಣ್ಣ ಮುಂದೆ ದ್ರಾಕ್ಷಿ ಸಾಲು ಇದೆ, ಸ್ನೇಹಿತರ ತಲೆಯಲ್ಲಿ ಬಾಡಿಗೆ ಉಳುಮೆ ಇದೆ, ಡೀಲರ್‌ಗೆ ತಿಂಗಳ ಟಾರ್ಗೆಟ್ ಇದೆ. ನಿಮ್ಮ ಕೆಲಸ ಈ ಮೂರರಲ್ಲಿ ಯಾವುದೂ ಅಲ್ಲ. ಅದನ್ನು ನೀವೇ ಬರೆದಿದ್ದೀರಿ, ನಡುವೆ ಒಂದು ಸಾಲಿನಲ್ಲಿ: ತಿಪ್ಪೆ ದಿಣ್ಣೆಯ ಮೇಲಿದೆ.

ಚಿಂತಾಮಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದೇನೆ. ಯಾರೇ ಬಂದು ಎಷ್ಟು ಎಚ್‌ಪಿ ತಗೊಳ್ಳಲಿ ಅಂದರೂ ನಾನು ಮೊದಲು ಕೇಳೋದು, ದಿನಾ ಏನು ಎತ್ತುತ್ತೀರಿ, ಎಲ್ಲಿಂದ ಎಲ್ಲಿಗೆ ಒಯ್ಯುತ್ತೀರಿ ಅಂತ. ವರ್ಷಕ್ಕೆ ಎರಡು ಸಲ ಮಾಡುವ ಕೆಲಸಕ್ಕೆ ಟ್ರ್ಯಾಕ್ಟರ್ ಕೊಳ್ಳಬಾರದು. ದಿನಾ ಮಾಡುವ ಕೆಲಸಕ್ಕೆ ಕೊಳ್ಳಬೇಕು.

ನಿಮ್ಮ ದಿನದ ಕೆಲಸದ ಲೆಕ್ಕ ಹಾಕೋಣ. 450 ಕೆಜಿ ತೂಗುವ ಕುದುರೆ ದಿನಕ್ಕೆ ಸುಮಾರು 20 ಕೆಜಿ ಲದ್ದಿ ಹಾಕುತ್ತದೆ. ಪೋನಿದು ಅದರ ಅರ್ಧ ಅಂದುಕೊಳ್ಳಿ. ಐದೂ ಸೇರಿ 90 ಕೆಜಿ. ಅದರ ಜೊತೆ ಉಚ್ಚೆಯಲ್ಲಿ ನೆನೆದ ಹುಲ್ಲು, ಮರದ ಪುಡಿ ಸೇರಿದರೆ 130, 140 ಕೆಜಿ ಆಗುತ್ತದೆ. ವಾರಕ್ಕೆ ಹೆಚ್ಚೂ ಕಡಿಮೆ ಒಂದು ಟನ್. ವರ್ಷಕ್ಕೆ 50 ಟನ್. ಇಷ್ಟನ್ನೂ ಇಲ್ಲಿವರೆಗೆ ತಳ್ಳುಗಾಡಿಯಲ್ಲಿ ದಿಣ್ಣೆ ಹತ್ತಿಸಿದ್ದಾರೆ ಅಂದರೆ ನಿಮ್ಮ ಕೆಲಸದವರಿಗೆ ಕೈ ಮುಗಿಯಬೇಕು.

ಈಗ ಈ 140 ಕೆಜಿಗೆ ಟ್ರಾಲಿ ಬೇಕಾ? ಬೇಡ. ಇಲ್ಲೇ ಎಲ್ಲರೂ ಎಡವೋದು. ಟ್ರ್ಯಾಕ್ಟರ್ ಅಂದರೆ ಹಿಂದೆ ಟ್ರಾಲಿ ಇರಲೇಬೇಕು ಅಂತ ನಮ್ಮ ಕಡೆ ಒಂದು ನಂಬಿಕೆ. ಮಿನಿ ಟ್ರ್ಯಾಕ್ಟರ್‌ನ ತೂಕವೇ 600ರಿಂದ 900 ಕೆಜಿ. ಒಂದೂವರೆ ಟನ್ ತುಂಬಿದ ಟ್ರಾಲಿಯನ್ನು ಅದಕ್ಕೆ ಕಟ್ಟಿ ದಿಣ್ಣೆ ಇಳಿಸಿದರೆ ಟ್ರ್ಯಾಕ್ಟರ್ ಟ್ರಾಲಿಯನ್ನು ಎಳೆಯೋದಿಲ್ಲ, ಟ್ರಾಲಿಯೇ ಟ್ರ್ಯಾಕ್ಟರ್‌ನ ತಳ್ಳುತ್ತದೆ. ಹೊಸದಾಗಿ ಓಡಿಸುವವರು ಗಾಬರಿಯಾಗಿ ಕ್ಲಚ್ ತುಳಿಯುತ್ತಾರೆ. ಕ್ಲಚ್ ತುಳಿದ ಕೂಡಲೇ ಎಂಜಿನ್ ಹಿಡಿತ ಹೋಯಿತು. ಆಮೇಲೆ ದೇವರೇ ಗತಿ.

ಅದರ ಬದಲು ಒಂದು ಪೆಟ್ಟಿಗೆ ಮಾಡಿಸಿ. ಟ್ರ್ಯಾಕ್ಟರ್ ಹಿಂದೆ ಹೈಡ್ರಾಲಿಕ್‌ನ ಮೂರು ತೋಳು ಇರುತ್ತಲ್ಲ, ಮಣ್ಣು ಪುಡಿ ಮಾಡುವ ರೋಟವೇಟರ್ ಸಿಕ್ಕಿಸೋ ಜಾಗ, ಅದಕ್ಕೇ ಸಿಕ್ಕಿಸುವ ಕಬ್ಬಿಣದ ಪೆಟ್ಟಿಗೆ. ಅಗಲ ನಾಲ್ಕು ಅಡಿ, ಒಳಕ್ಕೆ ಮೂರು ಅಡಿ, ಎತ್ತರ ಒಂದೂಕಾಲು ಅಡಿ. ಹಿಂದಿನ ಹಲಗೆ ಕೊಂಡಿ ತೆಗೆದರೆ ಕೆಳಕ್ಕೆ ಬೀಳಬೇಕು. ನಮ್ಮ ಕಡೆಯ ಯಾವ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಡುತ್ತಾರೆ. ಬೆಳಗ್ಗೆ ಲಾಯದ ಬಾಗಿಲಲ್ಲಿ ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿ. ಲದ್ದಿ ಗುಡಿಸಿ ನೇರ ಅದರೊಳಕ್ಕೆ. ಮಂಕರಿ ಎತ್ತೋ ಹಾಗಿಲ್ಲ, ಸೊಂಟ ಬಗ್ಗಿಸೋದೂ ಕಡಿಮೆ. ಲಿವರ್ ಎತ್ತಿದರೆ ಪೆಟ್ಟಿಗೆ ಮೇಲೆ ಬರುತ್ತದೆ. ತಿಪ್ಪೆ ಹತ್ತಿರ ಹೋಗಿ ಹಲಗೆ ಬಿಡಿಸಿ ಎಳೆದು ಹಾಕಿ. ಒಂದು ದಿನದ ಲದ್ದಿ ಒಂದೇ ಸಲಕ್ಕೆ ಹಿಡಿಸುತ್ತದೆ. ಪೆಟ್ಟಿಗೆ ತೂಕ ಸೇರಿ 200, 230 ಕೆಜಿ ಆಗಬಹುದು. 20 ಎಚ್‌ಪಿ ಆಸುಪಾಸಿನ ಮಿನಿ ಟ್ರ್ಯಾಕ್ಟರ್‌ಗಳ ಹೈಡ್ರಾಲಿಕ್ ಇದಕ್ಕೆ ಏನೂ ಅನ್ನೋದಿಲ್ಲ.

ಒಂದು ಎಚ್ಚರ. ಹಿಂದೆ ಭಾರ ತೂಗಿದರೆ ಮುಂದಿನ ಚಕ್ರ ಹಗುರ ಆಗುತ್ತದೆ. ದಿಣ್ಣೆ ಹತ್ತುವಾಗ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗದೇ ಇರಬಹುದು. ಅದಕ್ಕೇ ಮುಂದಿನ ಬಂಪರ್‌ಗೆ ತೂಕದ ಕಬ್ಬಿಣ ಹಾಕಿಸಿ. ಕಡಿದಾದ ಕಡೆ ರಿವರ್ಸ್‌ನಲ್ಲಿ ಹತ್ತಿ, ಮುಂದಕ್ಕೆ ಇಳಿಯಿರಿ. ನೋಡೋಕೆ ವಿಚಿತ್ರ ಅನಿಸಿದರೂ ಭಾರ ಇರುವ ಕಡೆ ದಿಣ್ಣೆಯ ಮೇಲ್ಬದಿಗೆ ಇದ್ದರೆ ಗಾಡಿ ಹಿಂದಕ್ಕೆ ಮಗುಚುವ ಭಯ ಕಡಿಮೆ.

ಇನ್ನೂ ಅಗ್ಗದ ಉಪಾಯ ಒಂದಿದೆ. ತಿಪ್ಪೆಯನ್ನೇ ಕೆಳಗೆ ತನ್ನಿ. ಯಾವಾಗಲೋ ಹಿರಿಯರು ಅಲ್ಲಿ ಹಾಕಿದರು ಅಂತ ಇನ್ನೂ ಅಲ್ಲೇ ಹಾಕಬೇಕಾ? ಕೊಳವೆ ಬಾವಿಯಿಂದ ದೂರ, ಲಾಯಕ್ಕೆ ನೊಣ ಬಾರದಷ್ಟು ದೂರ, ರಸ್ತೆಗೆ ಹತ್ತಿರ ಒಂದು ಜಾಗ ನೋಡಿ. ರಸ್ತೆಗೆ ಹತ್ತಿರ ಯಾಕೆ ಅಂದರೆ, 50 ಟನ್ ಕೊಳೆತು ಅರ್ಧ ಆದರೂ 25 ಟನ್ ಉಳಿಯುತ್ತದೆ. ರಾಗಿಗೆ ಎಕರೆಗೆ 3, 4 ಟನ್ ಸಾಕು, ಹುಲ್ಲಿಗೆ ಇನ್ನಷ್ಟು. ಮಿಕ್ಕಿದ್ದಕ್ಕೆ ಶಿಡ್ಲಘಟ್ಟ ಕಡೆಯ ಹಿಪ್ಪುನೇರಳೆ ತೋಟದವರು, ದ್ರಾಕ್ಷಿಯವರು ತಮ್ಮದೇ ಟ್ರಾಲಿ ತಂದು ಒಯ್ಯುತ್ತಾರೆ. ಅವರು ಬರೋದಾದರೆ ನಿಮಗೆ ಟ್ರಾಲಿಯ ದುಡ್ಡು ಉಳಿಯಿತು.

ಉಳುಮೆ ವಿಷಯಕ್ಕೆ ಬರೋಣ. ನಿಮ್ಮದು ಕೆಂಪು ಮಣ್ಣು, ಕೆಳಗೆ ಗರಸು, ಅಲ್ಲಲ್ಲಿ ಬಂಡೆ. ಒಣಗಿದಾಗ ಅದು ಇಟ್ಟಿಗೆ. ಹದ ಬಿದ್ದ ಮೇಲೆ ನಾಲ್ಕೈದು ದಿನದಲ್ಲಿ ಕೆಲಸ ಮುಗಿಯಬೇಕು. ರಾಗಿ ಹೊಲವನ್ನು ವರ್ಷಕ್ಕೆ ಎರಡು ಸಲ ಆಳವಾಗಿ ಉಳೋಕೆ ಊರಲ್ಲಿ ಬಾಡಿಗೆ ಟ್ರ್ಯಾಕ್ಟರ್ ಇದ್ದೇ ಇರುತ್ತದೆ. ಹೋಬಳಿ ಮಟ್ಟದಲ್ಲಿ ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳೂ ಇವೆ. ಹದದ ಸಮಯದಲ್ಲಿ ಎಲ್ಲರಿಗೂ ಒಟ್ಟಿಗೇ ಬೇಕಾಗುತ್ತದೆ, ಮೊದಲೇ ಹೇಳಿಡಬೇಕು, ಅದೊಂದೇ ತೊಂದರೆ. ರಾಗಿ ಸಾಲಲ್ಲಿ ಕುಂಟೆ, ಹುಲ್ಲಿನ ಮಡಿ ಮೇಲೆ ಮೂರೂವರೆ ಅಡಿ ರೋಟವೇಟರ್, ಇಷ್ಟನ್ನು ನಿಮ್ಮ ಮಿನಿಯೇ ಮಾಡುತ್ತದೆ. ಮೇವು ಕತ್ತರಿಸುವ ಯಂತ್ರಕ್ಕೆ ಟ್ರ್ಯಾಕ್ಟರ್ ಕಟ್ಟಬೇಡಿ. 2 ಎಚ್‌ಪಿ ಕರೆಂಟ್ ಮೋಟಾರ್ ಸಾಕು, ಸದ್ದೂ ಕಡಿಮೆ.

ಇನ್ನು 45 ಎಚ್‌ಪಿ ಹಳೇ ಗಾಡಿ. ಎಂಜಿನ್ ಶಕ್ತಿ ಇದೆ, ತೂಕ ಇದೆ, ಬಿಡಿಭಾಗ ಎಲ್ಲ ಊರಲ್ಲೂ ಸಿಗುತ್ತದೆ. ಆದರೆ ಅದು ಲಾಯದ ಓಣಿಯಲ್ಲಿ ತಿರುಗೋದಿಲ್ಲ. ಮಳೆಗಾಲದಲ್ಲಿ ಕುದುರೆ ಬಯಲಿಗೆ ಇಳಿದರೆ ಎರಡು ಟನ್ ತೂಕಕ್ಕೆ ಗೇಣುದ್ದ ಹಳ್ಳ ಬೀಳುತ್ತದೆ. ಒಣಗಿದ ಮೇಲೆ ಆ ಹಳ್ಳದ ಅಂಚು ಕಲ್ಲಾಗುತ್ತದೆ. ಓಡುವ ಕುದುರೆ ಅದರಲ್ಲಿ ಕಾಲಿಟ್ಟರೆ ನರ ಎಳೆದುಕೊಂಡು ತಿಂಗಳುಗಟ್ಟಲೆ ಕುಂಟುತ್ತದೆ. ಕುಣಿಗಲ್ ಸ್ಟಡ್ ಫಾರ್ಮ್‌ನಂಥ ನೂರಾರು ಎಕರೆಯ ಜಾಗಕ್ಕೆ ದೊಡ್ಡ ಗಾಡಿ ಸರಿ. ನಿಮಗಲ್ಲ.

ಆದರೂ ಹಳೇದೇ ಬೇಕು ಅಂದರೆ, ಅದು ಮಿನಿಯೇ ಆಗಿರಲಿ, ಎರಡು ಪರೀಕ್ಷೆ ಮಾಡಿ. ಬೆಳಗ್ಗೆ ಹೇಳದೆ ಹೋಗಿ, ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ. ಆಮೇಲೆ ರೋಟವೇಟರ್ ಎತ್ತಿಸಿ, ಎಂಜಿನ್ ಆಫ್ ಮಾಡಿ, ಒಂದು ಟೀ ಕುಡಿಯಿರಿ. ಟೀ ಮುಗಿಯೋದರೊಳಗೆ ರೋಟವೇಟರ್ ನೆಲಕ್ಕೆ ಇಳಿದಿದ್ದರೆ ಹೈಡ್ರಾಲಿಕ್ ಸೋರುತ್ತಿದೆ. ನಿಮಗೆ ಬೇಕಾಗಿರೋದೇ ಹೈಡ್ರಾಲಿಕ್. ಹಾಗೇ ಆರ್‌ಸಿಯಲ್ಲಿ ಇನ್ನೊಂದು ಎಚ್‌ಪಿ ಇರುತ್ತದೆ, ಸಾಲ ಕೊಟ್ಟ ಬ್ಯಾಂಕಿನ ಹೆಸರು. ಆರ್‌ಟಿಓ ಕಚೇರಿಯವರು ಅದಕ್ಕೂ ಎಚ್‌ಪಿ ಅಂತಲೇ ಅನ್ನೋದು. ಅದು ಕ್ಯಾನ್ಸಲ್ ಆಗದೆ ಒಂದು ರೂಪಾಯಿಯೂ ಕೊಡಬೇಡಿ.

ಮಾವನವರ 15 ಎಚ್‌ಪಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ನನ್ನದೇ ಒಂದು ತಪ್ಪಿದೆ. ನಮ್ಮ ಜಿಲ್ಲೆಯಲ್ಲಿ ಮಿನಿ ಟ್ರ್ಯಾಕ್ಟರ್ ಬಂದದ್ದೇ ಹೆಚ್ಚಾಗಿ ದ್ರಾಕ್ಷಿಗೆ. ಕಲ್ಲುಕಂಬದ ಚಪ್ಪರದ ಕೆಳಗೆ ನುಗ್ಗಬೇಕು, ಸಾಲಲ್ಲಿ ತಿರುಗಬೇಕು. ಹಾಗಾಗಿ ಹಿಂದಿನ ಚಕ್ರಗಳನ್ನು ಆದಷ್ಟು ಒಳಕ್ಕೆ ಕೂರಿಸಿ ಕೊಡುತ್ತೇವೆ. ಸಮನೆಲದಲ್ಲಿ ತೊಂದರೆ ಇಲ್ಲ. ಎಂಟು ವರ್ಷದ ಹಿಂದೆ ಅಂಥ ಒಂದು ಗಾಡಿ ಲಾರಿ ಮೇಲೆ ನನ್ನ ಶೆಡ್‌ಗೆ ಬಂತು. ಎಡಗಡೆ ಮಡ್‌ಗಾರ್ಡ್ ಚಪ್ಪಟೆ, ಸ್ಟೇರಿಂಗ್ ಚಕ್ರ ಹಪ್ಪಳದ ಹಾಗೆ ಬಗ್ಗಿತ್ತು. ತೋಟದಿಂದ ಆಚೆ ಬಂದು ಬದು ಪಕ್ಕದ ಇಳಿಜಾರಲ್ಲಿ ಅಡ್ಡಡ್ಡ ಹೋಗುವಾಗ ಮೇಲ್ಬದಿಯ ಚಕ್ರ ಒಂದು ಕಲ್ಲು ಹತ್ತಿತು, ಅಷ್ಟೇ ಸಾಕಾಯಿತು. ಓಡಿಸುತ್ತಿದ್ದ ಹುಡುಗ ಮೇಲ್ಬದಿಗೆ ನೆಗೆದ, ಹಿಮ್ಮಡಿ ಮುರಿಯಿತು, ಜೀವ ಉಳಿಯಿತು. ಆ ಚಕ್ರಗಳನ್ನು ಒಳಕ್ಕೆ ಕೂರಿಸಿ ಕೊಟ್ಟವನು ನಾನೇ. ನಿನ್ನ ಜಮೀನು ಇಳಿಜಾರಾ ಅಂತ ಒಂದು ಮಾತು ಕೇಳಿರಲಿಲ್ಲ.

ಹಾಗಾಗಿ ಮಿನಿ ಯಾವುದೇ ತಗೊಳ್ಳಿ, ಹಿಂದಿನ ರಿಮ್ ತಿರುಗಿಸಿ ಹಾಕಿ ಚಕ್ರಗಳನ್ನು ಆದಷ್ಟು ಅಗಲಕ್ಕೆ ಕೂರಿಸಿಕೊಡಿ ಅಂತ ಡೆಲಿವರಿಗೆ ಮುಂಚೆಯೇ ಹೇಳಿ. ಅರ್ಧ ಗಂಟೆಯ ಕೆಲಸ. ಮಗುಚಿದರೆ ತಲೆ ಕಾಯುವ ಕಮಾನು ಇರುವ ಗಾಡಿ ಸಿಕ್ಕರೆ ಬಿಡಬೇಡಿ. ಕಮಾನು ಇದ್ದರೆ ಬೆಲ್ಟ್ ಕಟ್ಟಿಕೊಳ್ಳಿ. ಕಮಾನು ಇಲ್ಲದ ಗಾಡಿಯಲ್ಲಿ ಬೆಲ್ಟ್ ಕಟ್ಟಬೇಡಿ, ನೆಗೆಯೋಕೂ ಆಗೋದಿಲ್ಲ.

15 ಎಚ್‌ಪಿಯಲ್ಲಿ ಇನ್ನೊಂದು ವಿಷಯ. ಮಹೀಂದ್ರಾ ಯುವರಾಜ್ 215, ಸ್ವರಾಜ್ 717 ತರಹದವು ಒಂದೇ ಸಿಲಿಂಡರ್ ಗಾಡಿಗಳು. ಗಟ್ಟಿ ಗಾಡಿಗಳೇ, ಡೀಸೆಲ್ ಕಡಿಮೆ ಕುಡಿಯುತ್ತವೆ, ಹಳ್ಳಿಯ ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಕಟ್ಟುತ್ತಾನೆ. ಆದರೆ ಒಂದು ಸಿಲಿಂಡರ್ ಅಂದರೆ ಡಬಡಬ ಸದ್ದು, ನಡುಕ ಜಾಸ್ತಿ. ಲಾಯದ ಶೀಟ್ ಮಾಡಿನ ಕೆಳಗೆ ಆ ಸದ್ದು ಎರಡರಷ್ಟಾಗುತ್ತದೆ. ಮೂರು ಸಿಲಿಂಡರ್‌ನ ಸದ್ದು ಒಂದೇ ಸಮ ಇರುತ್ತದೆ. ಮಿನಿಯಲ್ಲಿ ವಿಎಸ್‌ಟಿ ಎಂಟಿ 180ಡಿ, ಕುಬೋಟಾದ ಬಿ ಸರಣಿಯ ಗಾಡಿಗಳು ಮೂರು ಸಿಲಿಂಡರ್‌ನವು.

ಕುದುರೆ ಟ್ರ್ಯಾಕ್ಟರ್‌ಗೆ ಒಗ್ಗೋದೇ ಇಲ್ಲ ಅನ್ನೋದು ಸುಳ್ಳು. ರೇಸ್‌ಕೋರ್ಸ್ ಟ್ರ್ಯಾಕ್ ಮೇಲೆ ಟ್ರ್ಯಾಕ್ಟರ್ ಓಡಾಡುತ್ತಲೇ ಇರುತ್ತದೆ, ನಿಮ್ಮ ಆ ಎರಡು ಕುದುರೆ ಅದನ್ನು ನಿಮಗಿಂತ ಜಾಸ್ತಿ ನೋಡಿರಬಹುದು. ಕುದುರೆ ಬೆದರೋದು ಹಠಾತ್ತನೆ ಬಂದದ್ದಕ್ಕೆ, ಗುರುತಿಲ್ಲದ್ದಕ್ಕೆ. ಮೊದಲ ನಾಲ್ಕು ದಿನ ಎಂಜಿನ್ ಆಫ್ ಮಾಡಿ ಬೇಲಿ ಆಚೆ ನಿಲ್ಲಿಸಿ, ಬಾನೆಟ್ ಮೇಲೆ ಒಂದು ಹಿಡಿ ಹುಲ್ಲು ಇಡಿ. ಅವೇ ಬಂದು ಮೂಸುತ್ತವೆ. ಆಮೇಲೆ ದೂರದಲ್ಲಿ ಸ್ಟಾರ್ಟ್ ಮಾಡಿ ನಿಲ್ಲಿಸಿ. ಸ್ವಲ್ಪ ಸ್ವಲ್ಪ ಹತ್ತಿರ ತನ್ನಿ. ಎರಡು ವಾರ ಕೊಡಿ. ಅಲ್ಲಿವರೆಗೆ ಮಕ್ಕಳು ಕುದುರೆ ಮೇಲಿರುವಾಗ ಟ್ರ್ಯಾಕ್ಟರ್ ಮುಟ್ಟೋದೇ ಬೇಡ. ಒಗ್ಗಿದ ಮೇಲೂ ಸವಾರಿ ಹೊತ್ತಲ್ಲಿ ಬೇಡ ಅಂತಲೇ ನನ್ನ ಮಾತು.

ಲೋಡರ್‌ಗೆ ಈ ವರ್ಷ ದುಡ್ಡು ಹಾಕಬೇಡಿ. ನೋಡೋಕೆ ಚೆನ್ನಾಗಿದೆ, ನನಗೂ ಆಸೆ. ಆದರೆ ಮಿನಿಯ ಮುಂದಿನ ಆಕ್ಸಲ್ ಆ ಭಾರಕ್ಕೆ ಮಾಡಿದ್ದಲ್ಲ. ಕಂಪನಿಯೇ ಆ ಮಾಡೆಲ್‌ಗೆ ಅಂತ ಕೊಡುವ ಲೋಡರ್ ಆದರೆ ಸರಿ, ಹೊರಗೆ ಮಾಡಿಸಿ ಹಾಕಿದರೆ ವಾರಂಟಿ ಉಳಿಯುತ್ತಾ ಅಂತ ಬರಹದಲ್ಲಿ ಕೇಳಿ. ಹೊಸಬರು ಬಕೆಟ್ ಎತ್ತಿಕೊಂಡೇ ಓಡಿಸುತ್ತಾರೆ. ಭಾರ ಮೇಲಿದ್ದಷ್ಟೂ ಗಾಡಿ ಮಗುಚೋದು ಸುಲಭ, ಅದೂ ನಿಮ್ಮ ದಿಣ್ಣೆಯಲ್ಲಿ. ಹಿಂದಿನ ಪೆಟ್ಟಿಗೆಯಲ್ಲಿ ಒಂದು ವರ್ಷ ಕೆಲಸ ಮಾಡಿ, ಆಮೇಲೂ ಬೇಕು ಅನಿಸಿದರೆ ನೋಡೋಣ.

ಹಾಗಾದರೆ ನನ್ನ ಆಯ್ಕೆ ಏನು? ತಿಪ್ಪೆ ಕೆಳಗೆ ಬಂದರೆ 18ರಿಂದ 20 ಎಚ್‌ಪಿಯ ಟೂ ವೀಲ್ ಡ್ರೈವ್ ಸಾಕು, 3ರಿಂದ 4 ಲಕ್ಷದ ಆಸುಪಾಸಿನಲ್ಲಿ ಸಿಗುತ್ತದೆ. ತಿಪ್ಪೆ ದಿಣ್ಣೆ ಮೇಲೇ ಇರೋದಾದರೆ 22ರಿಂದ 27 ಎಚ್‌ಪಿಯ ಫೋರ್ ವೀಲ್ ಡ್ರೈವ್ ನೋಡಿ. ಅದರಲ್ಲಿ ಕೆಲವು ಗಾಡಿ ಐದು ಲಕ್ಷ ದಾಟುತ್ತವೆ. ಫೋರ್ ವೀಲ್ ಗದ್ದೆ ಕೆಸರಿಗೆ ಮಾತ್ರ, ನಮ್ಮ ಬಯಲುಸೀಮೆಗೆ ಯಾಕೆ ಅಂತ ಹೇಳುವವರು ಜಾಸ್ತಿ. ಅವರು ಹತ್ತೋದನ್ನು ಮಾತ್ರ ಯೋಚನೆ ಮಾಡುತ್ತಾರೆ. ಈ ಗಾಡಿಗಳಿಗೆ ಬ್ರೇಕ್ ಇರೋದು ಹಿಂದಿನ ಎರಡು ಚಕ್ರಕ್ಕೆ. ಇಳಿಯುವಾಗ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಜಾರುತ್ತದೆ. ಫೋರ್ ವೀಲ್ ಹಾಕಿದ್ದರೆ ಮುಂದಿನ ಚಕ್ರಗಳೂ ಎಂಜಿನ್ ಹಿಡಿತದಲ್ಲಿ ಇರುತ್ತವೆ, ಗಾಡಿ ನಿಧಾನಕ್ಕೆ ಇಳಿಯುತ್ತದೆ. ದಿಣ್ಣೆಯಲ್ಲಿ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡೋ ಚಾಳಿ ನಿಮ್ಮ ಕೆಲಸದವರಿಗೆ ಇದ್ದರೆ ಮೊದಲ ದಿನವೇ ಬಿಡಿಸಿ. ಎಡ ಬಲದ ಎರಡು ಬ್ರೇಕ್ ಪೆಡಲ್ ಜೋಡಿಸುವ ಕೊಂಡಿ ಸದಾ ಹಾಕಿರಲಿ. ಒಂದೇ ತುಳಿದರೆ ಗಾಡಿ ಅಲ್ಲೇ ಗಿರಕಿ ಹೊಡೆಯುತ್ತದೆ.

ದುಡ್ಡಿನ ಬಗ್ಗೆ ಎರಡೇ ಮಾತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಮಾವನವರು ಹೇಳುವ ಹಳೇ ರೇಟು, ಡೀಲರ್ ತೋರಿಸುವ ಹಳೇ ಪಟ್ಟಿ ಎರಡನ್ನೂ ನಂಬಬೇಡಿ. ಮಿನಿ ಟ್ರ್ಯಾಕ್ಟರ್‌ಗೆ ಸಬ್ಸಿಡಿ ಈ ಸಲ ಇದೆಯಾ, ನಿಮ್ಮ ವರ್ಗಕ್ಕೆ ಎಷ್ಟು ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಪಹಣಿ ಯಾರ ಹೆಸರಲ್ಲಿದೆಯೋ ಅವರ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಬೇಕಾಗುತ್ತದೆ. ಅರ್ಜಿ ಮೊದಲು, ಖರೀದಿ ಆಮೇಲೆ.

ಕುದುರೆ ಬಯಲಲ್ಲಿ ಬಿದ್ದ ಲದ್ದಿಯನ್ನು ಹಲುಬೆ ಎಳೆದು ಚದುರಿಸೋಣ ಅಂತ ಟ್ರ್ಯಾಕ್ಟರ್ ಬಂದ ಕೂಡಲೇ ಆಸೆ ಆಗುತ್ತದೆ. ಮಾರ್ಚ್, ಏಪ್ರಿಲ್‌ನ ಸುಡು ಬಿಸಿಲಲ್ಲಿ ಮಾತ್ರ ಮಾಡಿ, ಆಮೇಲೆ ಕೆಲವು ವಾರ ಅಲ್ಲಿ ಕುದುರೆ ಬಿಡಬೇಡಿ. ಲದ್ದಿಯಲ್ಲಿರುವ ಹೊಟ್ಟೆಹುಳದ ಮರಿ ಬಿಸಿಲಿಗೆ ಸಾಯುತ್ತವೆ. ಮಳೆಗಾಲದಲ್ಲಿ ಎಳೆದರೆ ಹುಳವನ್ನು ನೀವೇ ಇಡೀ ಬಯಲಿಗೆ ಬಿತ್ತಿದ ಹಾಗೆ. ಆಗ ವಾರಕ್ಕೆರಡು ಸಲ ಕೈಯಲ್ಲೇ ಎತ್ತಿಸಿ.

ರೋಟವೇಟರ್ ತಿರುಗಿಸುವ ಪಿಟಿಓ ಶಾಫ್ಟ್‌ಗೆ ಪ್ಲಾಸ್ಟಿಕ್ ಕವಚ ಕೊಟ್ಟಿರುತ್ತಾರೆ. ಅದನ್ನು ಬಿಚ್ಚಿ ಮೂಲೆಗೆ ಎಸೆಯೋದು ನಮ್ಮ ಕಡೆ ವಾಡಿಕೆ. ನಿಮಿಷಕ್ಕೆ 540 ಸುತ್ತು ಅಂದರೆ ಸೆಕೆಂಡಿಗೆ ಒಂಬತ್ತು. ಸೆರಗಿನ ತುದಿಯೋ ಪಂಚೆಯ ಅಂಚೋ ಸಿಕ್ಕರೆ ಕೂಗೋಕೂ ಹೊತ್ತಿರೋದಿಲ್ಲ. ಮಕ್ಕಳು ಓಡಾಡುವ ಜಾಗ ನಿಮ್ಮದು, ಆ ಕವಚ ಇಲ್ಲದೆ ಕೀ ತಿರುಗಿಸಬೇಡಿ. ಲದ್ದಿಯಲ್ಲಿ ಧನುರ್ವಾಯು ರೋಗಾಣು ಇರುತ್ತದೆ, ಪೆಟ್ಟಿಗೆಯ ತಗಡು ಕೈ ಕೊಯ್ಯುತ್ತದೆ. ಲಾಯದಲ್ಲಿ ಕೆಲಸ ಮಾಡುವ ಎಲ್ಲರಿಗೂ ಧನುರ್ವಾಯು ತಡೆಯುವ ಇಂಜೆಕ್ಷನ್ ಆಗಿರಲಿ.

ಷೋರೂಮಿಗೆ ಹೋಗುವ ಮೊದಲು ಟೇಪ್ ಹಿಡಿದು ಲಾಯದ ಓಣಿ, ಗೇಟು, ಮಾಡಿನ ಎತ್ತರ ಅಳೆದುಕೊಳ್ಳಿ. ಎರಡು ಪಕ್ಕಕ್ಕೂ ಒಂದೊಂದು ಅಡಿ ಉಳಿಯಬೇಕು. ಡೆಮೊ ಕೊಡಿ ಅಂದರೆ ಷೋರೂಮ್ ಎದುರಿನ ಟಾರ್ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ಕಳಿಸುತ್ತಾರೆ, ಒಪ್ಪಬೇಡಿ. ಗಾಡಿ ನಿಮ್ಮ ಜಮೀನಿಗೆ ಬರಲಿ. ಪೆಟ್ಟಿಗೆ ಇಲ್ಲದಿದ್ದರೆ ಹಿಂದಿನ ತೋಳಿಗೆ ಹಲಗೆ ಕಟ್ಟಿಸಿ ಮಣ್ಣಿನ ಚೀಲ ನಾಲ್ಕು ಹೇರಿಸಿ. ಅವರ ಡ್ರೈವರ್ ಒಂದು ಸಲ ದಿಣ್ಣೆ ಹತ್ತಿ ಇಳಿಯಲಿ, ಅರ್ಧ ದಾರಿಯಲ್ಲಿ ನಿಲ್ಲಿಸಿ ಮತ್ತೆ ಹೊರಡಲಿ. ಆಮೇಲೆ ದಿನಾ ಯಾರು ಲದ್ದಿ ಎತ್ತುತ್ತಾರೋ ಅವರನ್ನೇ ಸೀಟಿನ ಮೇಲೆ ಕೂರಿಸಿ. ಕ್ಲಚ್‌ಗೆ ಕಾಲು ಪೂರ್ತಿ ಎಟುಕುತ್ತಾ, ರಿವರ್ಸ್‌ನಲ್ಲಿ ಕತ್ತು ತಿರುಗಿಸಿದರೆ ಪೆಟ್ಟಿಗೆಯ ಜಾಗ ಕಾಣುತ್ತಾ ಅಂತ ಅವರನ್ನೇ ಕೇಳಿ. ಅವರು ಹೂಂ ಅಂದ ಮೇಲೆ ಅಡ್ವಾನ್ಸ್ ಕೊಡಿ.